ನೀರು ಸೋಕುವ ಮುನ್ನ

ಮೀನುಮರಿ ಕೇಂದ್ರ ಅಂದಮೇಲೆ ನೀರಿಗೇನು ಬರ? ತೊಟ್ಟಿಯಲ್ಲಿ ನೀರು, ಕೊಳವೆಯಲ್ಲಿ ನೀರು, ನೆಲದ ಮೇಲೆ ನೀರು, ಕೆಲಸದವರ ಬೂಟಿನೊಳಗೂ ನೀರು. ಆದರೆ ಆ ಕೇಂದ್ರದ ಒಂದು ಕೋಣೆಯೊಳಗೆ ಮಾತ್ರ ನೀರು ಕಾಲಿಡುವ ಹಾಗಿರಲಿಲ್ಲ. ಅದು ಹಿಂಡುವ ಕೋಣೆ. ಒಳಗೆ ಹೋಗುವವರು ಬೂಟು ಹೊರಗೆ ಬಿಟ್ಟು, ಮೊಣಕೈವರೆಗೆ ಕೈ ಒರೆಸಿಕೊಂಡು, ಹಣೆಯ ಬೆವರನ್ನೂ ಒತ್ತಿಕೊಂಡು ಹೋಗಬೇಕು. ಮೀನನ್ನು ತೊಟ್ಟಿಯಿಂದ ಎತ್ತಿ ತಂದು, ಆಗಷ್ಟೇ ಮೀಯಿಸಿದ ಹಸುಗೂಸನ್ನು ಒರೆಸುವ ಹಾಗೆ ಹೊಟ್ಟೆ, ರೆಕ್ಕೆಯ ಸಂದಿ, ಬಾಲದ ಬುಡ ಎಲ್ಲ ಒರೆಸಿ, ಆಮೇಲೆ ಹಿಂಡಬೇಕು. "ಮೀನು ಒಣಗಿಸೋರು ಎಲ್ಲಾ ಕಡೆ ಇದ್ದಾರೆ, ಜೀವಂತ ಮೀನನ್ನ ಒಣಗಿಸೋರು ನಾವು ಮಾತ್ರ" ಎಂದು ಅಲ್ಲಿಯವರು ಹೊಸಬರಿಗೆ ತಮಾಷೆ ಮಾಡುತ್ತಿದ್ದರು.

ಇಷ್ಟೆಲ್ಲ ಮಡಿ ಯಾಕೆಂದರೆ, ಗಂಡುಮೀನನ್ನು ಹಿಂಡಿದಾಗ ಬರುವ ಬಿಳಿಯ ದ್ರವ ನೀರನ್ನು ಕಂಡರೆ ತಡೆಯುವುದಿಲ್ಲ. ಕೇಂದ್ರದಲ್ಲಿ ಅದನ್ನು ಹಾಲು ಅನ್ನುತ್ತಿದ್ದರು. ಒಂದು ಹನಿ ಹಾಲಿನಲ್ಲಿ ಕೋಟಿಗಟ್ಟಲೆ ವೀರ್ಯಾಣುಗಳು. ಒಂದೊಂದಕ್ಕೂ ಸಾಸಿವೆಯಂಥ ದುಂಡು ತಲೆ, ಅದರ ಹಿಂದೆ ಚೂರೇ ಚೂರು ಶಕ್ತಿ ತುಂಬಿಟ್ಟ ಗಿಡ್ಡ ಕತ್ತು, ಆಮೇಲೆ ಉದ್ದೋಉದ್ದ ಬಾಲ. ಮನುಷ್ಯರದಕ್ಕಾದರೆ ಅಂಡದ ಗೋಡೆ ಕೊರೆಯಲು ತಲೆಯ ಮೇಲೊಂದು ಟೊಪ್ಪಿ ಇರುತ್ತದೆ, ಈ ಬಡಪಾಯಿಗೆ ಅದೂ ಇಲ್ಲ. ಮೊಟ್ಟೆಯ ಸಿಪ್ಪೆಯಲ್ಲಿ ಇರುವುದು ಒಂದೇ ಒಂದು ತೂತು, ಅದನ್ನೇ ಹುಡುಕಿಕೊಂಡು ಹೋಗಬೇಕು. ಗಂಡಿನ ಮೈಯೊಳಗೆ ಇರುವಷ್ಟು ಕಾಲ ಅವು ಕಲ್ಲಿನ ಹಾಗೆ ಬಿದ್ದುಕೊಂಡಿರುತ್ತವೆ. ನದಿಯ ನೀರು ಸೋಕಿತೋ, ಅಷ್ಟೂ ಒಟ್ಟಿಗೆ ಎದ್ದು ಓಟ ಕೀಳುತ್ತವೆ. ಓಟವೂ ಎಷ್ಟು? ಒಂದು ನಿಮಿಷ ತುಂಬುವುದಿಲ್ಲ. ಅಷ್ಟರಲ್ಲಿ ತೂತು ಸಿಕ್ಕರೆ ಮರಿ, ಸಿಗದಿದ್ದರೆ ಬಾಲದ ತುದಿ ಸುರುಳಿ ಸುತ್ತಿಕೊಂಡು ಕಥೆ ಮುಗಿಯಿತು. ಆದ್ದರಿಂದ ಮೊಟ್ಟೆಯ ಮೇಲೆ ಸುರಿಯುವ ತನಕ ಹಾಲಿಗೆ ನೀರಿನ ಸುದ್ದಿಯೇ ಗೊತ್ತಾಗಬಾರದು.

ಈ ಓಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆಯುವ ಕೆಲಸ ನಮ್ಮ ಸೆಕೆಂಡಮ್ಮನದು. ಸದಾ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದಿರುತ್ತಿದ್ದಳೆಂದು ಕೇಂದ್ರದವರು ಇಟ್ಟ ಹೆಸರು ಅದು. ಎಷ್ಟು ಪಾಲು ಎದ್ದವು, ಎಷ್ಟು ಹೊತ್ತು ಓಡಿದವು, ನೆಟ್ಟಗೆ ಓಡಿದವೋ ಗಾಣದೆತ್ತಿನ ಹಾಗೆ ಸುತ್ತು ಹೊಡೆದವೋ, ಎಲ್ಲ ಹೇಳಬೇಕಾದವಳು ಅವಳು. ಮಾತು ಕಡಿಮೆ, ಹೇಳಿದ್ದು ಖಡಾಖಂಡಿತ. ಅವಳು "ಚೆನ್ನಾಗಿದೆ" ಅಂದರೆ ಸಾಹೇಬರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಹಿಂಡುವವನು ಅವಳ ಅಪ್ಪ. ಎಲ್ಲರ ಬಾಯಲ್ಲೂ ಮೇಸ್ತ್ರಿ. ಅವನ ಕೈಗುಣ ದೊಡ್ಡ ಹೆಸರು ಮಾಡಿತ್ತು. ಬೇರೆ ಕೇಂದ್ರಗಳಲ್ಲಿ ಬಲವಂತವಾಗಿ ಅಮುಕಿ ಮೀನಿನ ಕರುಳು ಹಿಂಡುವವರಿದ್ದರು, ಇವನು ಹೊಟ್ಟೆಯ ಮೇಲೆ ಹೆಬ್ಬೆರಳು ಜಾರಿಸಿದರೆ ಮೀನು ತಾನಾಗಿ ಕೊಟ್ಟ ಹಾಗೆ ಹಾಲು ಬರುತ್ತಿತ್ತು. ನೋಡಲು ಬಂದ ದೊಡ್ಡ ಮನುಷ್ಯರು ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನಿಗೂ ಅದರ ಬಗ್ಗೆ ಜಂಬ ಇರಲಿಲ್ಲ ಅಂತೇನಲ್ಲ. ಮಗಳು ದಿನವಿಡೀ ಕಣ್ಣಿಡುತ್ತಿದ್ದ ಆ ಯಂತ್ರಕ್ಕೆ ಅವನು ಒಂದು ದಿನವೂ ಕಣ್ಣಿಟ್ಟವನಲ್ಲ. "ನೀನು ಕಣ್ಣಲ್ಲಿ ನೋಡೋದನ್ನ ನಾನು ಬೆರಳಲ್ಲೇ ನೋಡ್ತೀನಿ, ಹೋಗೇ" ಅನ್ನುತ್ತಿದ್ದ.

ಕೇಂದ್ರದಲ್ಲಿ ತರಾವರಿ ಮೀನುಗಳಿದ್ದರೂ ಅಪ್ಪನ ಜೀವ ಇದ್ದದ್ದು ಕಂದುಬಾಲವೆಂಬ ಜಾತಿಯ ಮೇಲೆ. ನದಿಗೆ ಅಡ್ಡಲಾಗಿ ಅಣೆಕಟ್ಟು ಎದ್ದ ಮೇಲೆ ಮೊಟ್ಟೆಯಿಡಲು ಮೇಲಕ್ಕೆ ಹೋಗಲಾಗದೆ ಆ ಜಾತಿ ಕರಗುತ್ತಾ ಬಂದಿತ್ತು. ಕೇಂದ್ರದಲ್ಲಿ ಮರಿ ಮಾಡಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಉಳಿದಿದ್ದ ಗಂಡುಗಳು ನಾಲ್ಕೇ ನಾಲ್ಕು. ಅಪ್ಪ ಅವುಗಳಿಗೆ ಮಾವ, ಭಾವ, ಷಡ್ಡಕ, ಅಳಿಯ ಎಂದು ಹೆಸರಿಟ್ಟಿದ್ದ. ಒಂದೇ ಕೊಳದ ಹೆಣ್ಣುಗಳಿಗೆ ಗಂಟು ಬಿದ್ದವು, ಬೇರೆ ಯಾವ ಸಂಬಂಧ ಹೇಳಲಿ ಎಂಬುದು ಅವನ ವಾದ. ಮಾವ ಎಲ್ಲರಿಗಿಂತ ಹಿರಿಯ, ಹೊಟ್ಟೆಬಾಕ, ಬಲೆ ಕಂಡರೆ ಓಡದೆ ಅಪ್ಪನ ಕೈಗೇ ಬಂದು ನಿಲ್ಲುತ್ತಿದ್ದ. "ಬಾರೋ ಮಾವ, ನಿನ್ನಿಂದಲೇ ಈ ಮನೆ ನಡೀಬೇಕು" ಎಂದು ಅಪ್ಪ ಅವನನ್ನು ಎತ್ತಿಕೊಳ್ಳುತ್ತಿದ್ದ.

ಆ ವರ್ಷ ಮೊಟ್ಟೆಗಳು ಬೆಳ್ಳಗಾಗತೊಡಗಿದವು. ಫಲ ಕಟ್ಟಿದ ಮೊಟ್ಟೆ ಗಾಜಿನಂತೆ ತಿಳಿಯಾಗಿರುತ್ತದೆ, ಕಟ್ಟದ್ದು ಮಾರನೇ ದಿನಕ್ಕೆ ಸುಣ್ಣದ ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ಅರ್ಧದಷ್ಟು ಬೆಳ್ಳಗಾದಾಗ ಹವೆಯನ್ನು ಬೈದರು. ಎರಡನೇ ಸಲ ಮುಕ್ಕಾಲು ಬೆಳ್ಳಗಾದಾಗ ಹೆಣ್ಣನ್ನು ಬೈದರು. ಮೂರನೇ ಸಲ ಟ್ರೇಗೆ ಟ್ರೇ ಬೆಳ್ಳಗಾಗಿ, ಎಲ್ಲರೂ ಮುಖ ಮುಖ ನೋಡಿಕೊಂಡರು.

ಸೆಕೆಂಡಮ್ಮನಿಗೆ ಮೊದಲ ಸಲವೇ ಅನುಮಾನ ಬಂದಿತ್ತು. ಅಪ್ಪ ಹಿಂಡಿಕೊಟ್ಟ ಹಾಲನ್ನು ಒಣ ಗಾಜಿನ ಮೇಲೆ ಇಟ್ಟು, ನೀರು ಹಾಕುವ ಮುಂಚೆ ಒಮ್ಮೆ ನೋಡುವುದು ಅವಳ ಅಭ್ಯಾಸ. ಆಗ ಎಲ್ಲವೂ ತಣ್ಣಗೆ ಮಲಗಿರಬೇಕು. ಮಲಗಿರಲಿಲ್ಲ. ಕೆಲವು ಅಲ್ಲಲ್ಲಿ ನಡುಗುತ್ತಿದ್ದವು, ಕೆಲವು ಸುಸ್ತಾಗಿ ಗಿರಕಿ ಹೊಡೆಯುತ್ತಿದ್ದವು, ಬಹಳಷ್ಟರ ಬಾಲ ಆಗಲೇ ಸುರುಳಿ ಸುತ್ತಿತ್ತು. ಅಂದರೆ ಇವುಗಳ ಓಟ ಬಟ್ಟಲಿನಲ್ಲೇ ಮುಗಿದಿದೆ. ಯಾರೋ ಇವುಗಳನ್ನು ಮೊದಲೇ ಎಬ್ಬಿಸಿದ್ದಾರೆ. ಬಟ್ಟಲು ಒಣಗಿತ್ತು, ಮೀನನ್ನು ಒರೆಸಿದ್ದವಳು ಸ್ವತಃ ಅವಳೇ. ಹಾಗಾದರೆ ನೀರು ಎಲ್ಲಿಂದ ಬಂತು?

ಮುಂದಿನ ಸಲ ಅವಳು ಮೀನು ಬಿಟ್ಟು ಅಪ್ಪನ ಕೈ ನೋಡಿದಳು. ನೋಡಬಾರದಿತ್ತು ಎಂದು ಆಮೇಲೆ ಅನೇಕ ಸಲ ಅನ್ನಿಸಿತು. ಅಪ್ಪನ ಹೆಬ್ಬೆರಳು ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ಹಿಂದಕ್ಕೆ ಜಾರಿ, ಬಾಲದ ಕಡೆಗೆ ಬಲವಾಗಿ ಒತ್ತುತ್ತಿತ್ತು. ಅಲ್ಲಿರುವುದು ಮೂತ್ರದ ಚೀಲ. ಸಿಹಿನೀರಿನ ಮೀನು ಮೈಯೊಳಗೆ ನುಗ್ಗುವ ನೀರನ್ನು ಸದಾ ಹೊರಹಾಕುತ್ತಲೇ ಇರಬೇಕು, ಹಾಗಾಗಿ ಅದರ ಮೂತ್ರವೆಂದರೆ ಹೆಚ್ಚುಕಡಿಮೆ ನೀರೇ. ತಿಳಿಹಳದಿ ಬಣ್ಣದ ಒಂದು ಹನಿ ಹಾಲಿನೊಂದಿಗೆ ಬಟ್ಟಲಿಗೆ ಇಳಿಯಿತು. ಒಂದು ಕಾಲದಲ್ಲಿ ಅಂಥ ಹನಿ ಬರುವ ಮುಂಚೆಯೇ ಅಪ್ಪನ ಬೆರಳಿಗೆ ಗೊತ್ತಾಗುತ್ತಿತ್ತು. ಈಗ ಅವನು ಬೇರೆಲ್ಲೋ ನೋಡುತ್ತಾ "ಹಾಂ, ಬಂತು ನೋಡು" ಎಂದು ಖುಷಿಯಾಗಿ ಹೇಳಿದ.

ಆದರೂ ಅವಳಿಗೆ ನಂಬಲು ಮನಸ್ಸಿರಲಿಲ್ಲ. ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಭಾವನನ್ನು ಕದ್ದು ಎತ್ತಿ ತಂದಳು. ಕಳ್ಳತನ ಅವಳ ಜಾಯಮಾನಕ್ಕೆ ಒಗ್ಗಿದ್ದಲ್ಲ, ಮೀನು ಎರಡು ಸಲ ಕೈಜಾರಿತು. ಅಪ್ಪ ಮೊದಲೆಲ್ಲ ಹಿಂಡುತ್ತಿದ್ದ ಹಾಗೆ, ಮುಂದುಗಡೆಯಿಂದ ಹಗುರಕ್ಕೆ ಬೆರಳು ಜಾರಿಸಿದಳು. ಕೆನೆಯಂತೆ ಗಟ್ಟಿ ಹಾಲು ಬಂತು. ಗಾಜಿನ ಮೇಲೆ ಇಟ್ಟು ನೋಡಿದರೆ ಒಂದೂ ಮಿಸುಕುತ್ತಿಲ್ಲ. ಅಂಚಿನಲ್ಲಿ ಒಂದು ಹನಿ ನೀರು ಬಿಟ್ಟಳು. ಸಂತೆಗೆ ಬೆಂಕಿ ಬಿದ್ದ ಹಾಗೆ ಅಷ್ಟೂ ಎದ್ದು ದೌಡಾಯಿಸಿದವು. ಭಾವನಿಗೆ ಯಾವ ರೋಗವೂ ಇರಲಿಲ್ಲ. ಅವಳು ಸ್ಟಾಪ್‌ವಾಚ್ ಒತ್ತುವುದನ್ನೇ ಮರೆತಳು.

ಸಂಜೆ ಬಸ್ಸಿನಲ್ಲಿ ಪಕ್ಕ ಕೂತ ಅಪ್ಪನಿಗೆ ಸುತ್ತಿ ಬಳಸಿ ಹೇಳಿ ನೋಡಿದಳು.

"ಅಪ್ಪಾ, ಮೊದಲ ಹನಿ ಬಟ್ಟಲಿಗೆ ಹಿಡೀದೆ ಒರೆಸಿಬಿಟ್ರೆ ಹೇಗೆ?"

"ಯಾಕೆ?"

"ಸುಮ್ನೆ. ಒಳ್ಳೇದು ಅಂತ."

"ಓಹೋ. ಇನ್ನು ನನಗೆ ಹಿಂಡೋದು ಕಲಿಸ್ತೀಯಾ? ಕಲಿಸು ತಾಯಿ, ಕಲಿಸು. ನಾಳೆಯಿಂದ ನೀನೇ ಮೀನು ಹಿಡ್ಕೊ, ನಾನು ನಿನ್ನ ಕುರ್ಚೀಲಿ ಕೂತು ಗಡಿಯಾರ ಒತ್ತುತೀನಿ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದ.

ವಾರದ ಕೊನೆಗೆ ಸಾಹೇಬರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಕೇಂದ್ರದ ಅಧಿಕಾರಿ, ಕೆಟ್ಟ ಮನುಷ್ಯರೇನಲ್ಲ. ಆದರೆ ಮೇಲಿನವರು ಅವರನ್ನು ಕೇಳುತ್ತಿದ್ದರು, ಅವರು ಇವರನ್ನು ಕೇಳಬೇಕಿತ್ತು. ಮೇಜಿನ ಮೇಲೆ ಬೆಳ್ಳಗಾದ ಮೊಟ್ಟೆಗಳ ಒಂದು ಟ್ರೇ ಇತ್ತು.

"ನನಗೆ ಸುತ್ತಿ ಬಳಸಿ ಮಾತು ಬೇಡ" ಎಂದರು ಸಾಹೇಬರು. "ತಪ್ಪು ಮೀನಿನಲ್ಲಿದೆಯೋ ಅಥವಾ ಹಿಂಡೋದ್ರಲ್ಲಿದೆಯೋ? ನೋಡೋಳು ನೀನು. ನೀನೇ ಹೇಳು."

ಎಲ್ಲರ ಕಣ್ಣೂ ಸೆಕೆಂಡಮ್ಮನ ಮೇಲೆ. ಬಾಗಿಲ ಪಕ್ಕ ನಿಂತಿದ್ದ ಅಪ್ಪನ ಕಣ್ಣೂ. ಅವನ ಮುಖದಲ್ಲಿ ಅವಳು ಹಿಂದೆಂದೂ ಕಾಣದ ಒಂದು ಭಾವ ಇತ್ತು. ಪರೀಕ್ಷೆಯ ಫಲಿತಾಂಶ ಕೇಳಲು ನಿಂತ ಹುಡುಗರ ಮುಖದಲ್ಲಿ ಇರುತ್ತದಲ್ಲ, ಅದು. ಅವನ ನಿವೃತ್ತಿಗೆ ಇನ್ನೊಂದೇ ಹಂಗಾಮು ಬಾಕಿ. ಇಷ್ಟು ವರ್ಷ ಕೈಗುಣದ ಮೇಸ್ತ್ರಿ ಅನ್ನಿಸಿಕೊಂಡವನು ಕೊನೆಗೆ ಕೈ ಕೆಟ್ಟ ಮೇಸ್ತ್ರಿ ಆಗಿ ಮನೆಗೆ ಹೋಗಬೇಕು, ಅದೂ ಹೆತ್ತ ಮಗಳ ಬಾಯಿಂದ.

"ಗಂಡುಗಳಿಗೆ ವಯಸ್ಸಾಗಿದೆ ಸಾರ್" ಎಂದಳು.

ಸುಳ್ಳು ಹೇಳುವಾಗ ಅವಳಿಗೆ ದೊಡ್ಡ ಪಾಪವೇನೂ ಅನ್ನಿಸಲಿಲ್ಲ. ಮೀನಿಗೇನು ಮಾನವೇ, ಮರ್ಯಾದೆಯೇ? ವಯಸ್ಸಾಯಿತೆಂದರೆ ದೊಡ್ಡ ಕೊಳದಲ್ಲಿ ಪಿಂಚಣಿದಾರರ ಹಾಗೆ ತಿಂದುಕೊಂಡು ಇರುತ್ತವೆ, ಅಪ್ಪ ಹೋದಮೇಲೆ ಬೇರೆ ಯಾರಾದರೂ ಹಿಂಡಿದರೆ ಎಲ್ಲ ತಾನಾಗಿ ಸರಿಹೋಗುತ್ತದೆ. ಇದು ಅವಳ ಲೆಕ್ಕಾಚಾರ. ಅಷ್ಟು ಖಡಾಖಂಡಿತದ ಹೆಣ್ಣು ಇಷ್ಟು ಹಸಿ ಲೆಕ್ಕಾಚಾರ ಹಾಕಿದ್ದು ಅದೇ ಮೊದಲು.

ಸಾಹೇಬರು ತಲೆಯಾಡಿಸಿದರು. "ಸರಿ. ಬೇರೆ ಕೇಂದ್ರದಿಂದ ಹೊಸ ಗಂಡುಗಳನ್ನ ತರಿಸ್ತೀನಿ. ದೂರದ ಹೊಳೆಯವು, ನಮ್ಮ ನದಿಯವಲ್ಲ, ಆದ್ರೆ ಏನ್ ಮಾಡೋದು. ಅವಕ್ಕೆ ತೊಟ್ಟಿ ಬೇಕು. ಹಳೇವನ್ನ ತೆಗೆದುಬಿಡಿ. ಮೊದಲು ಒಂದನ್ನ ಕೊಯ್ದು ಒಳಗೆ ಹೇಗಿದೆ ಅಂತ ನೋಡ್ಬೇಕು, ಮೇಲಿನವರಿಗೆ ವರದಿ ಕೊಡೋಕೆ. ಅತ್ಯಂತ ಹಳೇದು ಯಾವುದು?"

"ಮಾವ" ಎಂದರು ಯಾರೋ.

ಅಪ್ಪ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದ. "ಮೀನಿನದೇನೂ ತಪ್ಪಿಲ್ಲ ಸಾರ್" ಎಂದ. "ಬೇಡ ಸಾರ್. ಅವು ಚೆನ್ನಾಗಿವೆ."

"ಹಾಗಾದ್ರೆ ತಪ್ಪು ಯಾರದ್ದು ಮೇಸ್ತ್ರಿ?"

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಅದು ಗೊತ್ತಿಲ್ಲ ಸಾರ್. ಮೀನಿನದಂತೂ ಅಲ್ಲ" ಎಂದು ಹೊರಗೆ ನಡೆದ.

ಅವರ ಮನೆ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗಿನ ಹೊಲಿಗೆ ಯಂತ್ರದ ಸದ್ದು ಮನೆಯಲ್ಲಿ ಯಾರೂ ಮಾತಾಡದಿದ್ದಾಗ ಮಾತ್ರ ಕೇಳುತ್ತಿತ್ತು. ಮುಂದಿನ ದಿನಗಳಲ್ಲಿ ಅದು ಚೆನ್ನಾಗಿಯೇ ಕೇಳಿತು. ಅಪ್ಪ ಊಟಕ್ಕೆ ಕೂತು ತಟ್ಟೆ ನೋಡುತ್ತಿದ್ದ. ಮಗಳು ಒಮ್ಮೆ ಗಟ್ಟಿ ಮನಸ್ಸು ಮಾಡಿ ಸಾಹೇಬರ ಕೋಣೆಯ ತನಕ ಹೋದಳು. ಅವರು ಫೋನಿನಲ್ಲಿದ್ದರು, ಕೈಸನ್ನೆ ಮಾಡಿ ಆಮೇಲೆ ಬಾ ಎಂದರು. ಆಮೇಲೆ ಅವಳು ಹೋಗಲಿಲ್ಲ. ಹೋಗದೆ ಇರಲು ಸಿಕ್ಕ ನೆಪಕ್ಕೆ ಒಳಗೊಳಗೇ ಸಮಾಧಾನವಾಯಿತು ಎಂಬುದನ್ನೂ ಹೇಳಿಬಿಡಬೇಕು.

ಮಾವನನ್ನು ಕೊಯ್ಯುವ ದಿನದ ಬೆಳಿಗ್ಗೆ ಅವಳು ಬಾಚಣಿಗೆ ಹುಡುಕುತ್ತಾ ಅಪ್ಪ ಅಮ್ಮನ ಕೋಣೆಯ ಬಾಗಿಲು ತಳ್ಳಿದಳು. ಅಪ್ಪ ಗಲ್ಲ ಮೇಲೆತ್ತಿ ಮಗುವಿನ ಹಾಗೆ ನಿಂತಿದ್ದ. ಅಮ್ಮ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಮಗಳನ್ನು ಕಂಡದ್ದೇ ಅಪ್ಪ ಅಮ್ಮನ ಕೈ ಸರಿಸಿ, ಅರ್ಧ ಗುಂಡಿ ತೆರೆದ ಅಂಗಿಯಲ್ಲೇ ಮೆಟ್ಟಿಲಿಳಿದು ಹೋದ.

"ಎಷ್ಟು ದಿನದಿಂದ ಇದು?" ಮಗಳು ಕೇಳಿದಳು.

"ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾರೆ ಕಣೇ" ಎಂದಳು ಅಮ್ಮ. "ಹೋದ ವರ್ಷದಿಂದ. ಬೆರಳ ತುದೀಲಿ ಜೀವಾನೇ ಇಲ್ಲ. ತಣ್ಣೀರಲ್ಲಿ ಕೈ ಇಟ್ಟು ಇಟ್ಟು ನರ ಸತ್ತಿದೆ ಅಂತ ಡಾಕ್ಟ್ರು ಹೇಳಿದ್ರು. ಬಿಸಿ ಲೋಟ ಹಿಡಿದ್ರೂ ಗೊತ್ತಾಗಲ್ಲ. ಮೊನ್ನೆ ಸುಟ್ಕೊಂಡ್ರು. ಯಾರಿಗೂ ಹೇಳ್ಬೇಡ, ಇನ್ನೊಂದು ಹಂಗಾಮು ಹೇಗೋ ತಳ್ತೀನಿ ಅಂತಾರೆ. ನಾನೇನ್ ಮಾಡ್ಲಿ? ಗುಂಡಿ ಹಾಕ್ತೀನಿ."

ಅಂದರೆ ಅಪ್ಪನಿಗೆ ಎಲ್ಲ ಗೊತ್ತು. ಮೂತ್ರದ ಹನಿಯ ಸಂಗತಿ ತಿಳಿಯದಿರಬಹುದು, ತನ್ನ ಬೆರಳು ಕೈಕೊಟ್ಟಿದೆ ಎಂದು ಗೊತ್ತು. ಸೆಕೆಂಡಮ್ಮನಿಗೆ ಒಂದು ಕಡೆ ಅಯ್ಯೋ ಅನ್ನಿಸಿತು, ಇನ್ನೊಂದು ಕಡೆ ಹಗುರವೂ ಆಯಿತು. ಇನ್ನು ತಾನು ಹೇಳಬೇಕಾಗಿಲ್ಲ. ಮಾವನ ಮೇಲೆ ಪ್ರಾಣ ಇಟ್ಟುಕೊಂಡವನು, ಅವನ ಕುತ್ತಿಗೆಗೆ ಕತ್ತಿ ಬರುವ ಹೊತ್ತಿಗೆ ತಾನಾಗಿ ಬಾಯಿ ಬಿಡುತ್ತಾನೆ. ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ, ಅವಳು ಹಿಂದೆ. ಅವನ ತಲೆಯನ್ನೇ ನೋಡುತ್ತಾ ಇದನ್ನೇ ಯೋಚಿಸುತ್ತಿದ್ದಳು.

ಹಿಂಡುವ ಕೋಣೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿತ್ತು. ಹೊಸ ಗಂಡುಗಳ ವ್ಯಾನು ಮಧ್ಯಾಹ್ನದೊಳಗೆ ಬರುವುದೆಂದು ದೊಡ್ಡ ಹೆಣ್ಣುಮೀನೊಂದಕ್ಕೆ ಮೊಟ್ಟೆ ಸಡಿಲವಾಗಲೆಂದು ಹಿಂದಿನ ದಿನವೇ ಸೂಜಿ ಚುಚ್ಚಿ, ಬಾಗಿಲ ಹೊರಗಿನ ತೊಟ್ಟಿಯಲ್ಲಿ ಬಿಟ್ಟಿದ್ದರು. ಬಲೆ ಹಿಡಿದು ಬಂದವನನ್ನು ಅಪ್ಪ ತಡೆದ. "ಬಲೆ ಬೇಡ. ಹೆದರ್ತಾನೆ. ನಾನೇ ತರ್ತೀನಿ."

ಅಪ್ಪ ಕೊಳದ ಅಂಚಿನಲ್ಲಿ ಕೂತು ಕೈ ಇಳಿಬಿಟ್ಟ. ಮಾವ ಎಂದಿನಂತೆ ಬಂದ. ಅಪ್ಪ ಅವನನ್ನು ಎದೆಗೆ ಅವುಚಿಕೊಂಡು ಬಂದು, ಬಾಗಿಲ ಹೊರಗೆ ಮತ್ತಿನ ಔಷಧ ಬೆರೆಸಿದ ತೊಟ್ಟಿಯಲ್ಲಿ ಇಳಿಸಿದ. ಮಾವ ಎರಡು ಸಲ ಬಾಯಿ ಆಡಿಸಿ ಪಕ್ಕಕ್ಕೆ ವಾಲಿದ. ಅಪ್ಪ ಅವನನ್ನು ಒರೆಸಿ ತಂದು ಮೇಜಿನ ಹಾಳೆಯ ಮೇಲೆ ಮಲಗಿಸಿದ. ಸಾಹೇಬರು ಕೈಗವಸು ಹಾಕಿಕೊಂಡು ಕತ್ತರಿ ತೆಗೆದುಕೊಂಡರು.

ಈಗ ಹೇಳುತ್ತಾನೆ ಎಂದುಕೊಂಡಳು ಮಗಳು. ಅಪ್ಪನ ಮುಖ ನೋಡಿದಳು. ಅಪ್ಪನೂ ಅವಳ ಮುಖವನ್ನೇ ನೋಡುತ್ತಿದ್ದ. ನೋಡುವವಳು ನೀನು, ಮೀನು ಚೆನ್ನಾಗಿದೆ ಎಂದು ನಿನಗೆ ಗೊತ್ತಿದ್ದರೆ ನೀನೇ ಹೇಳುತ್ತಿದ್ದೆಯಲ್ಲ, ಅನ್ನುವ ಹಾಗೆ. ಅವನು ಹೇಳಲಿ ಎಂದು ಇವಳು, ಇವಳು ಹೇಳಲಿ ಎಂದು ಅವನು. ಹಾಗೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ನಿಂತಿರುವಾಗಲೇ ಸಾಹೇಬರು ಮಾವನ ತಲೆಯ ಹಿಂದೆ ಒಂದು ಏಟು ಕೊಟ್ಟು, ಹೊಟ್ಟೆಯನ್ನು ಉದ್ದಕ್ಕೂ ಸೀಳಿದರು.

ಒಳಗೆ, ಬೆನ್ನುಮೂಳೆಯ ಎರಡೂ ಬದಿಗೆ, ವೀರ್ಯದ ಎರಡು ಉದ್ದನೆಯ ಚೀಲಗಳು ತುಂಬಿ ಬಿಗಿದು ಹಾಲುಬಿಳುಪಾಗಿ ಮಿನುಗುತ್ತಿದ್ದವು.

"ಇದೇನಿದು?" ಎಂದರು ಸಾಹೇಬರು. "ವಯಸ್ಸಾದ ಮೀನಲ್ಲ ಇದು. ತುಂಬಿ ತುಳುಕ್ತಾ ಇದೆ. ಏ, ಒಂದು ಹನಿ ತಗೊಂಡು ನೋಡು."

ಅವಳು ರಕ್ತ ಒತ್ತಿ ತೆಗೆದು, ಒಣ ಗಾಜಿನ ಮೇಲೆ ಚೂರು ಹಾಲು ಇಟ್ಟಳು. ಕಣ್ಣಿಡಲು ಬಗ್ಗಿದಾಗ ಅಪ್ಪ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ.

"ನಾನು ನೋಡ್ತೀನಿ."

ಕುರ್ಚಿಯಲ್ಲಿ ಕೂತು, ಯಾವ ಕಣ್ಣು ಮುಚ್ಚಬೇಕು ಎಂದು ತಿಳಿಯದೆ ಎರಡನ್ನೂ ಒಮ್ಮೆ ಮುಚ್ಚಿ ತೆರೆದು, ಕೊನೆಗೆ ನೋಡಿದ. ಬಹಳ ಹೊತ್ತು ನೋಡಿದ.

"ಎಲ್ಲ ಸತ್ತಿವೆ" ಎಂದ.

"ಸತ್ತಿಲ್ಲ ಅಪ್ಪಾ. ಮಲಗಿವೆ" ಎಂದು ಅವಳು ಗಾಜಿನ ಅಂಚಿಗೆ ಒಂದು ಹನಿ ನೀರು ಬಿಟ್ಟಳು.

ಅಪ್ಪ ಬೆಚ್ಚಿ ತಲೆ ಹಿಂದಕ್ಕೆ ಎಳೆದುಕೊಂಡ. ಮತ್ತೆ ಬಗ್ಗಿದ. ಅವನ ಬಾಯಿ ಅರ್ಧ ತೆರೆದೇ ಇತ್ತು. ಆ ಓಟ ಮುಗಿಯುವ ತನಕ ಅವನು ಅಲ್ಲಾಡಲಿಲ್ಲ, ಮುಗಿದ ಮೇಲೂ ಕಣ್ಣು ತೆಗೆಯಲಿಲ್ಲ.

"ನಾನು ಹಿಂಡಿಕೊಟ್ಟಿದ್ದು ಹೀಗಿರಲಿಲ್ವಾ?" ಎಂದು ಅಲ್ಲಿಂದಲೇ ಕೇಳಿದ.

"ಇರಲಿಲ್ಲ. ನೀರು ಹಾಕೋ ಮುಂಚೆನೇ ಎದ್ದುಬಿಟ್ಟಿರ್ತಿದ್ವು. ಮೊಟ್ಟೆಗೆ ಸೇರೋ ಹೊತ್ತಿಗೆ ಓಡೋ ಶಕ್ತಿನೇ ಇರ್ತಿರಲಿಲ್ಲ."

"ಯಾಕೆ?"

"ಬೆರಳು ಹಿಂದಕ್ಕೆ ಹೋಗುತ್ತೆ ಅಪ್ಪಾ. ಮೂತ್ರ ಬೆರೆಯುತ್ತೆ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ನಿಂತು, ಆವತ್ತು ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಗಳನ್ನು ಸಾಹೇಬರ ಎದುರು ಬಿಡಿಸಿ ಹಿಡಿದ. ಒಂದು ಬೆರಳ ತುದಿಯಲ್ಲಿ ಸುಟ್ಟ ಗುಳ್ಳೆ ಒಡೆದಿತ್ತು.

"ಮೀನು ಸರಿಯಾಗಿವೆ ಸಾರ್. ನನ್ನ ಬೆರಳಿಗೆ ಏನೂ ತಿಳಿಯಲ್ಲ. ಒಂದು ವರ್ಷ ಆಯ್ತು. ನಾನು ಆವತ್ತೇ ಹೇಳಬೇಕಾಗಿತ್ತು. ಇವಳು ನನ್ನ ಮಾನ ಉಳಿಸೋಕೆ ಹೋದಳು, ನಾನು ಉಳಿಸಿಕೊಳ್ಳೋಕೆ ಹೋದೆ. ಅವನು ಹೋಗಿಬಿಟ್ಟ."

ಸಾಹೇಬರು ಕೈಗವಸು ತೆಗೆದು ಮೇಜಿನ ಮೇಲೆ ಹಾಕಿದರು. ಒಮ್ಮೆ ಅಪ್ಪನನ್ನೂ ಒಮ್ಮೆ ಮಗಳನ್ನೂ ನೋಡಿದರು. "ಉಳಿದ ಮೂರನ್ನ ಯಾರೂ ಮುಟ್ಟಬೇಡಿ. ವ್ಯಾನು ವಾಪಸ್ ಕಳಿಸ್ತೀನಿ" ಎಂದು ಹೇಳಿ ಫೋನು ತೆಗೆದುಕೊಂಡು ಹೊರಗೆ ಹೋದರು.

ಕೋಣೆಯಲ್ಲಿ ಅಪ್ಪ, ಮಗಳು, ಸೀಳಿದ ಮಾವ. ಬಾಗಿಲ ಹೊರಗಿನ ತೊಟ್ಟಿಯಲ್ಲಿ ಹೆಣ್ಣು ಒಂದೇ ಸಮನೆ ಬಾಲ ಬಡಿಯುತ್ತಿತ್ತು. ಅಪ್ಪ ತಿರುಗಿ ನೋಡಿದ.

"ಅದರ ಮೊಟ್ಟೆ ಸಡಿಲವಾಗಿದೆ. ಕಾಯಿಸಿದ್ರೆ ಕೆಡುತ್ತೆ. ಮಾವನದ್ದೂ ಕೆಡುತ್ತೆ. ಬಾ, ಹಿಂಡು."

"ನಾನಾ?"

"ಮತ್ತೆ ಯಾರು? ನಾನು ಹಿಡ್ಕೋತೀನಿ."

ಅಪ್ಪ ಹೆಣ್ಣನ್ನು ಎತ್ತಿ, ತಲೆಯನ್ನು ತನ್ನ ಕಂಕುಳಿಗೆ ಸೇರಿಸಿ, ಬಾಲದ ಬುಡ ಹಿಡಿದು ನಿಂತ. ಅವಳು ಒರೆಸಿದಳು. "ಇನ್ನೂ ಮುಂದಿನಿಂದ. ಹಾಂ, ಅಲ್ಲಿಂದ. ಒತ್ತಬೇಡ, ಜಾರಿಸು. ಅದಾಗೇ ಕೊಡುತ್ತೆ" ಎಂದು ಅವನು ಹೇಳುತ್ತಾ ಹೋದ, ಅವಳು ಹಾಗೇ ಮಾಡುತ್ತಾ ಹೋದಳು. ಒಣ ಬಟ್ಟಲಿಗೆ ಜೇನುಬಣ್ಣದ ಮೊಟ್ಟೆಗಳು ರಾಶಿಯಾಗಿ ಇಳಿದವು. ಅಪ್ಪ ಹೆಣ್ಣನ್ನು ನೀರಿಗೆ ಬಿಟ್ಟು, ಕೈ ಒರೆಸಿಕೊಂಡು ಬಂದ. ಅವಳು ಮಾವನ ಚೀಲಗಳನ್ನು ತೆಗೆದು, ಒಣ ಬಟ್ಟೆಯಲ್ಲಿ ಕಟ್ಟಿ, ಬಟ್ಟಲಿನ ಮೇಲೆ ಹಿಡಿದಳು. ಇನ್ನು ಹಿಂಡಿ, ಕೋಳಿಗರಿಯಲ್ಲಿ ಕಲಸಿ, ಆಮೇಲೆ ನೀರು ಸುರಿದರೆ ಆಯಿತು.

ಆದರೆ ಅವಳಿಗೆ ಹಿಂಡಲಾಗಲಿಲ್ಲ. ಅಷ್ಟು ದಿನ ಎಲ್ಲಿತ್ತೋ ಅಳು, ಒಮ್ಮೆಗೇ ಉಕ್ಕಿಕೊಂಡು ಬಂತು. ಎರಡೂ ಕೈಯಲ್ಲಿ ಮಾವನನ್ನು ಹಿಡಿದುಕೊಂಡು ಮಗುವಿನ ಹಾಗೆ ಬಿಕ್ಕಿದಳು.

"ಅಳಬೇಡ, ಅಳಬೇಡ" ಎಂದು ಅಪ್ಪ ಗಾಬರಿಯಾದ. "ಬಟ್ಟಲಿಗೆ ಬೀಳುತ್ತೆ. ಒಂದು ಹನಿ ಬಿದ್ದರೂ ಎಲ್ಲ ಎದ್ದುಬಿಡ್ತವೆ. ಅವನು ಸತ್ತಿದ್ದೂ ದಂಡ ಆಗುತ್ತೆ. ತಲೆ ಎತ್ತು. ಮೇಲೆ ನೋಡು."

ಅವಳು ತಲೆ ಎತ್ತಿದಳು. ಅಪ್ಪ ಹತ್ತಿರ ಬಂದು, ಬರಿಗೈಯಲ್ಲಿ ಅವಳ ಕೆನ್ನೆ ಒರೆಸಿದ, ಕಣ್ಣಿನ ಕೆಳಗೆ ಒರೆಸಿದ, ಗಲ್ಲದ ತುದಿ ಒರೆಸಿದ. ಒರೆಸಿ, ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡ.

"ಒಣಗಿತಾ?" ಎಂದು ಕೇಳಿದ. "ನೀನೇ ಹೇಳಬೇಕು. ನನಗೆ ಗೊತ್ತಾಗಲ್ಲ."

"ಇನ್ನೂ ಇಲ್ಲ ಅಪ್ಪಾ" ಎಂದಳು.

ಅಪ್ಪ ಮತ್ತೆ ಒರೆಸಿದ.